ಕಂಟ್ರೋಲರ್ ರೀಸೆಟ್ ಹೊತ್ತಿಗೆ ಕ್ಯೂ ತಡೆಯೋದು ಹೇಗೆ? ಸ್ಟಾಪ್, ಫ್ರೀಜ್, ಕ್ವಾಯೆಸ್: ಮೂರನ್ನೂ ಓಡಿಸಿ ನೋಡಿದೆ

ಎನ್‌ವಿಎಂಇ (ವೇಗದ ಎಸ್‌ಎಸ್‌ಡಿಗಳು ಬಳಸುವ ಸಂಪರ್ಕ ವಿಧಾನ) ಡಿಸ್ಕಿನ ಕಂಟ್ರೋಲರ್ ಚಿಪ್ ಕೈ ಕೊಟ್ಟರೆ ಡ್ರೈವರ್ ಅದನ್ನು ರೀಸೆಟ್ ಮಾಡುತ್ತದೆ. ಆದರೆ ಮೇಲಿನವರಿಗೆ ಅದು ಗೊತ್ತಿರುವುದಿಲ್ಲ. ಡೇಟಾಬೇಸ್ ಬರೆಯುತ್ತಲೇ ಇರುತ್ತದೆ, ಫೈಲ್‌ಸಿಸ್ಟಂ ಜರ್ನಲ್ ತಳ್ಳುತ್ತಲೇ ಇರುತ್ತದೆ. ಅಷ್ಟು ಹೊತ್ತು ಹಾರ್ಡ್‌ವೇರ್ ಕ್ಯೂಗಳನ್ನು (ಕಂಟ್ರೋಲರ್‌ಗೆ ಕಮಾಂಡ್ ಹೋಗುವ ಸಾಲುಗಳನ್ನು) ತಡೆದು ಹಿಡಿಯಬೇಕು. ಅದಕ್ಕೆ ಲಿನಕ್ಸ್‌ನ ಬ್ಲಾಕ್-ಎಂಕ್ಯೂ (ಡಿಸ್ಕ್ ರಿಕ್ವೆಸ್ಟ್‌ಗಳನ್ನು ಹಲವು ಕ್ಯೂಗಳಿಗೆ ಹಂಚುವ ಕರ್ನಲ್ ಪದರ) ಮೂರು ದಾರಿ ಕೊಡುತ್ತದೆ: ಸ್ಟಾಪ್, ಫ್ರೀಜ್, ಕ್ವಾಯೆಸ್. ಹೆಸರು ಕೇಳಿದರೆ ಮೂರೂ ಒಂದೇ ಅನಿಸುತ್ತದೆ. ಖಂಡಿತ ಅಲ್ಲ.

ಟೋಕನ್ ಕೊಡುವ ಹೋಟೆಲ್ ನೆನಪಿಸಿಕೊಳ್ಳಿ. ಫ್ರೀಜ್ ಅಂದರೆ ಟೋಕನ್ ಕೌಂಟರ್ ಮುಚ್ಚಿ, ಈಗಾಗಲೇ ಟೋಕನ್ ತಗೊಂಡವರ ಊಟ ಮುಗಿಯುವವರೆಗೆ ಕಾಯೋದು. ಕ್ವಾಯೆಸ್ ಅಂದರೆ ಟೋಕನ್ ಕೊಡುತ್ತಲೇ ಇರೋದು, ಆದರೆ ಒಂದು ಟೋಕನ್ನೂ ಅಡುಗೆಮನೆಗೆ ಹೋಗದ ಹಾಗೆ ನೋಡಿಕೊಳ್ಳೋದು. ಸ್ಟಾಪ್ ಅಂದರೆ ಬಾಗಿಲಿಗೆ ಒಂದು ಬೋರ್ಡ್ ನೇತು ಹಾಕೋದು. ಆಗಲೇ ಒಳಗೆ ಹೋದವನನ್ನು ಯಾರೂ ಹೊರಗೆ ಕರೆಯುವುದಿಲ್ಲ, ಬೋರ್ಡನ್ನು ಯಾರು ಬೇಕಾದರೂ ತೆಗೆಯಬಹುದು.

ನನ್ನ ಪ್ರಯೋಗ ದೊಡ್ಡದೇನಲ್ಲ. ಕ್ಯೂಎಮು (ವರ್ಚುವಲ್ ಯಂತ್ರ ಓಡಿಸುವ ಸಾಫ್ಟ್‌ವೇರ್) ಒಳಗೆ 4 ಸಿಪಿಯು, ಒಂದು ಎನ್‌ವಿಎಂಇ ಡಿಸ್ಕ್. ಒಂದು ಕಡೆ ಡಿಸ್ಕಿಗೆ ಓದು-ಬರಹದ ಹೊರೆ ಹಾಕುವ ಫಿಯೋ ಓಡುತ್ತಿರುತ್ತದೆ. ಇನ್ನೊಂದು ಕಡೆ, ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲುಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನ ರೀಸೆಟ್_ಕಂಟ್ರೋಲರ್ ಫೈಲಿಗೆ ಮತ್ತೆ ಮತ್ತೆ 1 ಬರೆಯುವ ಸಣ್ಣ ಲೂಪ್. ಡ್ರೈವರ್‌ನಲ್ಲಿ ಕ್ಯೂ ತಡೆಯುವ ಜಾಗ ಒಂದನ್ನೇ ಮೂರು ರೀತಿ ಬದಲಿಸಿದೆ.

ಮೊದಲು ಸ್ಟಾಪ್. ಸುಮ್ನೆ ಓಡಿಸಿದರೆ ಏನೂ ಆಗಲಿಲ್ಲ. ಇದೇ ಇದರ ಅಪಾಯ. ಕಮಾಂಡ್ ಕಳಿಸುವ ಕ್ಯೂ_ಆರ್‌ಕ್ಯೂ ಫಂಕ್ಷನ್ ಒಳಗೆ, ಡೋರ್‌ಬೆಲ್ (ಹೊಸ ಕಮಾಂಡ್ ಇದೆ ಅಂತ ಕಂಟ್ರೋಲರ್‌ಗೆ ತಿಳಿಸುವ ರಿಜಿಸ್ಟರ್) ಒತ್ತುವ ಮುಂಚೆ, 50 ಮಿಲಿಸೆಕೆಂಡ್ ತಡ ಹಾಕಿದೆ. ಅಲ್ಲಿ ಆರ್‌ಸಿಯು ಲಾಕ್ ಹಿಡಿದಿರುವುದರಿಂದ ಸ್ಲೀಪ್ ಮಾಡುವ ಹಾಗಿಲ್ಲ, ಸುತ್ತುತ್ತಾ ಕಾಯುವ ಎಂಡಿಲೇ ಬೇಕು. ಸ್ವಲ್ಪ ಹೊತ್ತಿಗೇ ಕರ್ನಲ್ ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಐಡಿ’ (ಡ್ರೈವರ್‌ಗೆ ಗೊತ್ತಿಲ್ಲದ ಕಮಾಂಡಿಗೆ ಉತ್ತರ ಬಂತು) ಅಂತ ಸಾಲುಗಳು ಬಂದವು.

ಆಗಿದ್ದು ಇಷ್ಟು. ಒಂದು ಸಿಪಿಯು ಕ್ಯೂ_ಆರ್‌ಕ್ಯೂ ಒಳಗಿದೆ. ಇನ್ನೊಂದು ಸಿಪಿಯು ಸ್ಟಾಪ್ ಗುರುತು ಹಾಕಿ, ಕಂಟ್ರೋಲರ್ ಆಫ್ ಮಾಡಿ, ಬಾಕಿ ಇದ್ದ ರಿಕ್ವೆಸ್ಟ್‌ಗಳನ್ನು ಕ್ಯಾನ್ಸಲ್ ಮಾಡಿತು. ಕ್ಯಾನ್ಸಲ್ ಆದ ಕೂಡಲೇ ಅವುಗಳ ಡಿಎಂಎ ಮ್ಯಾಪಿಂಗ್ (ಕಂಟ್ರೋಲರ್ ನೇರವಾಗಿ ಮೆಮೊರಿ ಮುಟ್ಟಲು ಕೊಟ್ಟ ದಾರಿ) ಹೋಯಿತು. ಆದರೆ ಮೊದಲನೇ ಸಿಪಿಯು ಅದೇ ಹಳೇ ಕಮಾಂಡನ್ನು ಈಗ ಕ್ಯೂಗೆ ಹಾಕುತ್ತಿದೆ! ರೀಸೆಟ್ ಮುಗಿದ ಮೇಲೆ ಕಂಟ್ರೋಲರ್ ಅದನ್ನು ಓದುತ್ತದೆ, ಬೇರೆಯವರ ಕೈ ಸೇರಿರಬಹುದಾದ ಮೆಮೊರಿಗೆ ಡೇಟಾ ಬರೆಯುತ್ತದೆ. ಲಾಗ್‌ನಲ್ಲಿ ಸಾಲು ಬಂದಿದ್ದೇ ಪುಣ್ಯ. ಸದ್ದಿಲ್ಲದೆ ಡೇಟಾ ಕೆಡುವುದಕ್ಕಿಂತ ಕೆಟ್ಟದ್ದು ಸ್ಟೋರೇಜ್ ಕೆಲಸದಲ್ಲಿ ಇನ್ನೊಂದಿಲ್ಲ.

ಬೋರ್ಡ್ ಯಾರು ಬೇಕಾದರೂ ತೆಗೆಯಬಹುದು ಅಂದೆನಲ್ಲ, ಅದನ್ನೂ ನೋಡಿದೆ. ಕರ್ನಲ್ ಒಳಗಿನ ಸ್ಥಿತಿಯನ್ನು ಫೈಲುಗಳಾಗಿ ತೋರಿಸುವ ಡಿಬಗ್‌ಎಫ್‌ಎಸ್‌ನಲ್ಲಿ ಡಿಸ್ಕಿನ ಸ್ಟೇಟ್ ಫೈಲಿಗೆ ‘ಸ್ಟಾರ್ಟ್’ ಅಂತ ಬರೆದೆ. ನಿಂತಿದ್ದ ಕ್ಯೂ ತಕ್ಷಣ ಓಡಿತು. ಕ್ವಾಯೆಸ್ ಮಾಡಿದ ಕ್ಯೂಗೆ ಅದನ್ನೇ ಬರೆದರೆ ಅಲುಗಾಡಲಿಲ್ಲ. ಹಾಗಂತ ಸ್ಟಾಪ್ ಕೆಲಸಕ್ಕೆ ಬಾರದ್ದು ಅಲ್ಲ. ವರ್ಚುವಲ್ ಯಂತ್ರಗಳ ಡಿಸ್ಕ್ ನಡೆಸುವ ವರ್ಟಿಯೋ-ಬ್ಲಾಕ್ ಡ್ರೈವರ್ ತನ್ನ ರಿಂಗ್ (ರಿಕ್ವೆಸ್ಟ್ ಇಡುವ ಜಾಗ) ತುಂಬಿದಾಗ ಸ್ಟಾಪ್ ಮಾಡಿ, ಜಾಗ ಆದಾಗ ಮತ್ತೆ ಶುರು ಮಾಡುತ್ತದೆ. ಅಲ್ಲಿಗೆ ಅದು ಸರಿಯಾಗಿದೆ. ರೀಸೆಟ್‌ಗೆ ಮಾತ್ರ ಬೇಡ.

ಫ್ರೀಜ್ ಒಂದನ್ನೇ ನಂಬಿದರೆ ಬೇರೆ ಕಷ್ಟ. ಕಂಟ್ರೋಲರ್ ಚೆನ್ನಾಗಿದ್ದಾಗ ಫ್ರೀಜ್ ತುಂಬಾ ಅಚ್ಚುಕಟ್ಟು. ಎಲ್ಲ ರಿಕ್ವೆಸ್ಟ್ ಮುಗಿಯುತ್ತದೆ, ಹೊಸಬರು ಬಾಗಿಲಲ್ಲೇ ಕಾಯುತ್ತಾರೆ. ಆದರೆ ನಾವು ರೀಸೆಟ್ ಮಾಡುವುದೇ ಕಂಟ್ರೋಲರ್ ಉತ್ತರ ಕೊಡದಿದ್ದಾಗ, ಅಲ್ವಾ? ಕ್ಯೂಎಮು ಕೋಡ್ ತಿದ್ದಿ ಒಂದು ಕ್ಯೂನ ಉತ್ತರಗಳನ್ನು ನುಂಗುವ ಹಾಗೆ ಮಾಡಿದೆ. ಫ್ರೀಜ್ ಕಾಯುತ್ತಾ ಕೂತಿತು. 30 ಸೆಕೆಂಡಿಗೆ ಟೈಮ್‌ಔಟ್ ಬಂತು. ಆದರೆ ಕಂಟ್ರೋಲರ್ ಆಗಲೇ ರೀಸೆಟ್ಟಿಂಗ್ ಸ್ಥಿತಿಯಲ್ಲಿದೆ ಅಂತ ಟೈಮ್‌ಔಟ್ ಹ್ಯಾಂಡ್ಲರ್ ಟೈಮರನ್ನು ಹೊಸದಾಗಿ ಇಟ್ಟು ವಾಪಸ್ ಹೋಯಿತು. ಮತ್ತೆ 30 ಸೆಕೆಂಡ್, ಮತ್ತೆ ಅದೇ. ಕೊನೆಗೆ ‘120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ’ ಅನ್ನುವ ಹಂಗ್ ಟಾಸ್ಕ್ ಎಚ್ಚರಿಕೆ.

ಕ್ವಾಯೆಸ್ 2017ರ ಕರ್ನಲ್ 4.10ರಲ್ಲಿ ಬಂತು. ಮೇಲೆ ಹೇಳಿದಂಥ ರೇಸ್ (ಎರಡು ಸಿಪಿಯುಗಳ ಕೆಲಸ ಒಂದಕ್ಕೊಂದು ಅಡ್ಡ ಬರುವ ದೋಷ) ಎನ್‌ವಿಎಂಇ ಡ್ರೈವರ್‌ನಲ್ಲಿ ಸರಿಯಾಗಿದ್ದೂ ಆಗಲೇ. ಅದೇ ತಡ ಇಟ್ಟುಕೊಂಡು, ರಾತ್ರಿಯಿಡೀ ರೀಸೆಟ್ ಲೂಪ್ ಓಡಿಸಿದೆ. ಒಂದು ಇನ್‌ವ್ಯಾಲಿಡ್ ಐಡಿಯೂ ಇಲ್ಲ. ಗುರುತು ಹಾಕಿ ಹೊರಟು ಹೋಗದೆ, ಒಳಗಿರುವ ಕ್ಯೂ_ಆರ್‌ಕ್ಯೂ ಎಲ್ಲ ಹೊರಬರುವವರೆಗೆ ಅದು ಕಾಯುತ್ತದೆ. ಹಾರ್ಡ್‌ವೇರ್ ಉತ್ತರಕ್ಕೆ ಕಾಯುವುದಿಲ್ಲ. ರೀಸೆಟ್‌ಗೆ ಬೇಕಾಗಿರುವುದು ಇದೇ. 5.16ರಿಂದ ಇದಕ್ಕೆ ಲೆಕ್ಕವೂ ಇದೆ: ಇಬ್ಬರು ಕ್ವಾಯೆಸ್ ಮಾಡಿದ್ದರೆ ಇಬ್ಬರೂ ಬಿಟ್ಟ ಮೇಲೆಯೇ ಕ್ಯೂ ಓಡುತ್ತದೆ. ನೇಮ್‌ಸ್ಪೇಸ್ (ಒಂದೇ ಕಂಟ್ರೋಲರ್ ಕೆಳಗಿನ ಬೇರೆ ಬೇರೆ ಡಿಸ್ಕ್ ಭಾಗಗಳು) ಜಾಸ್ತಿ ಇದ್ದರೆ ಒಂದೊಂದಕ್ಕೂ ಬೇರೆ ಬೇರೆ ಕಾಯಬೇಕಿತ್ತು. 6.2ರಲ್ಲಿ, ಅವೆಲ್ಲ ಹಂಚಿಕೊಳ್ಳುವ ಇಡೀ ಟ್ಯಾಗ್‌ಸೆಟ್‌ಗೆ ಒಂದೇ ಸಲ ಮಾಡುವ ದಾರಿ ಬಂತು.

ಹಾಗಾದರೆ ಫ್ರೀಜ್ ಬೇಡವೇ? ಬೇಕು. ರೀಸೆಟ್ ಆದಮೇಲೆ ಕಂಟ್ರೋಲರ್ ಮೊದಲಿಗಿಂತ ಕಡಿಮೆ ಕ್ಯೂ ಕೊಡಬಹುದು. ಆಗ ಯಾವ ಸಿಪಿಯುಗೆ ಯಾವ ಕ್ಯೂ ಅನ್ನುವ ನಕ್ಷೆ ಬದಲಿಸಲು ಯಾರೂ ಒಳಗಿರಬಾರದು. ಅದಕ್ಕೇ ಎನ್‌ವಿಎಂಇ ಡ್ರೈವರ್ ಎರಡನ್ನೂ ಸೇರಿಸುತ್ತದೆ. ಮೊದಲು ಫ್ರೀಜ್ ಶುರು ಮಾಡುತ್ತದೆ, ಆದರೆ ಕಾಯುವುದಿಲ್ಲ. ಆಮೇಲೆ ಕ್ವಾಯೆಸ್, ಕಂಟ್ರೋಲರ್ ಆಫ್ ಮಾಡೋದು, ಕ್ಯಾನ್ಸಲ್. ಕಂಟ್ರೋಲರ್ ಎದ್ದಮೇಲೆ ಕ್ವಾಯೆಸ್ ಬಿಡುತ್ತದೆ, ಆಗ ಫ್ರೀಜ್ ಮುಗಿಯಲು ಕಾಯುತ್ತದೆ, ಕ್ಯೂ ಸಂಖ್ಯೆ ಸರಿಮಾಡಿ ಕೊನೆಗೆ ಫ್ರೀಜ್ ತೆಗೆಯುತ್ತದೆ.

ಈ ಕ್ರಮದಲ್ಲಿ ನಾನು ಒಂದೇ ಸಾಲು ಹಿಂದೆಮುಂದೆ ಮಾಡಿದ್ದೆ: ಕ್ವಾಯೆಸ್ ಬಿಡುವ ಮುಂಚೆ ಫ್ರೀಜ್‌ಗೆ ಕಾದೆ. ಕ್ಯಾನ್ಸಲ್ ಆದ ರಿಕ್ವೆಸ್ಟ್‌ಗಳು ಮರುಪ್ರಯತ್ನಕ್ಕೆ ಸಾಲಲ್ಲಿ ಕೂತಿದ್ದವು. ಕ್ವಾಯೆಸ್ ಇರುವುದರಿಂದ ಅವು ಹೊರಡುವ ಹಾಗಿಲ್ಲ, ಅವು ಮುಗಿಯದೆ ಫ್ರೀಜ್ ಮುಗಿಯುವ ಹಾಗಿಲ್ಲ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಈಗ ರೀಸೆಟ್ ಎಲ್ಲಾದರೂ ಸಿಕ್ಕಿಕೊಂಡರೆ ಮೊದಲು ತೆರೆಯುವುದು ಅದೇ ಸ್ಟೇಟ್ ಫೈಲ್. ಅಲ್ಲಿ ‘ಕ್ವಾಯೆಸ್ಡ್’ ಅಂತ ಉಳಿದಿದ್ದರೆ, ಬಿಡುವ ಸಾಲಿಗೆ ಕೋಡ್ ಯಾಕೆ ತಲುಪಲಿಲ್ಲ ಅಂತ ಹುಡುಕುತ್ತೇನೆ. ಇಲ್ಲದಿದ್ದರೆ ಒಂದೊಂದೇ ಹಾರ್ಡ್‌ವೇರ್ ಕ್ಯೂನ ‘ಬ್ಯುಸಿ’ ಫೈಲ್ ತೆರೆದು, ಯಾವ ರಿಕ್ವೆಸ್ಟ್ ಇನ್ನೂ ಕೂತಿದೆ ಅಂತ ನೋಡುತ್ತೇನೆ.