ಅಮ್ಮನ ಪಕ್ಕೆಲುಬು ನೋಡಿಸಿದ ಶಿವಮೊಗ್ಗದ ಸ್ಕ್ಯಾನಿಂಗ್ ಸೆಂಟರ್: 4 ಸ್ಟಾರ್

ಎದೆಗೆ ಪೆಟ್ಟು ಬಿದ್ದು ಪಕ್ಕೆ ನೋಯುತ್ತಿದ್ದರೆ ಧೈರ್ಯವಾಗಿ ಇಲ್ಲಿಗೆ ಬನ್ನಿ. ಇಲ್ಲಿನ ಡಾಕ್ಟರ್ ಮೊದಲು ನೋವಿರುವ ಜಾಗವನ್ನು ಕೈಯಿಂದ ಮುಟ್ಟಿ ನೋಡುತ್ತಾರೆ, ಆಮೇಲೆ ಮಷೀನು. ನನಗೆ ತುಂಬಾ ಹಿಡಿಸಿದ್ದು ಇದೇ.

ಅಮ್ಮನಿಗೆ 68 ವರ್ಷ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಜಾರಿ ಬಿದ್ದಾಗ ಎದೆಯ ಎಡಭಾಗ ಜಗಲಿ ಕಟ್ಟೆಯ ಅಂಚಿಗೆ ಬಡಿಯಿತು. ಹೊರಗೆ ಒಂದು ಗೀರೂ ಇಲ್ಲ. ಆದರೆ ಕೆಮ್ಮಿದರೆ, ಮಗ್ಗುಲಾದರೆ ಜೀವ ಹೋಗುವಂಥ ನೋವು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಏನೂ ಮುರಿದಿಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ನೋವು ಇಳಿಯಲೇ ಇಲ್ಲ. ಅದಕ್ಕೇ ಶಿವಮೊಗ್ಗಕ್ಕೆ ಬಂದೆವು.

ರೇಡಿಯಾಲಜಿಸ್ಟ್ ಮೇಡಂ ಆ ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದರು. "ಇದನ್ನು ಓದಿದವರದ್ದು ತಪ್ಪಿಲ್ಲ, ಇದರಲ್ಲಿ ಕಾಣುವುದಿಲ್ಲ" ಎಂದರು. ಸಣ್ಣ ಬಿರುಕು ಬಿಟ್ಟು ಎಲುಬು ಜಾಗದಿಂದ ಕದಲದೇ ಇದ್ದರೆ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲವಂತೆ. ಪಕ್ಕೆಲುಬುಗಳು ಬಾಗಿವೆ, ಒಂದರ ಮೇಲೊಂದು ನೆರಳು ಬೀಳುತ್ತದೆ. ಮುಂಭಾಗದ ಮೃದ್ವಸ್ಥಿಯಂತೂ (ಮೆತ್ತನೆಯ ಎಲುಬು) ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮತ್ತೆ ಎಕ್ಸ್‌ರೇ ಯಾಕೆ ಅಂತ ಕೇಳಿದೆ. ಶ್ವಾಸಕೋಶದ ಸುತ್ತ ಗಾಳಿಯೋ ರಕ್ತವೋ ತುಂಬಿಕೊಂಡಿದೆಯಾ ಎಂದು ನೋಡಲು, ಎಲುಬಿಗಿಂತ ಅದೇ ಮುಖ್ಯ ಎಂದರು. ಪೆಟ್ಟು ಬಿದ್ದ ದಿನ ಇಲ್ಲದಿದ್ದರೂ ಕೆಲವರಿಗೆ ಆಮೇಲೆ ರಕ್ತ ಸೇರಿಕೊಳ್ಳುತ್ತದೆ. ಹಾಗಾಗಿ ನಿಲ್ಲಿಸಿ ಹೊಸದಾಗಿ ಒಂದು ಎಕ್ಸ್‌ರೇ ತೆಗೆದರು. ತೆಗೆದ ಹುಡುಗ, "ಅಮ್ಮಾ, ಆದಷ್ಟು ಉಸಿರು ಎಳ್ಕೊಳಿ, ಜೋರು ಮಾಡಬೇಡಿ" ಎಂದು ಅವಳು ಸುಧಾರಿಸಿಕೊಳ್ಳುವವರೆಗೂ ಕಾದ. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಅಲ್ಟ್ರಾಸೌಂಡ್. ಪಕ್ಕೆಲುಬಿಗೂ ಅಲ್ಟ್ರಾಸೌಂಡ್ ಮಾಡುತ್ತಾರೆ ಎನ್ನುವುದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ಅಮ್ಮ ಬೆರಳಿಟ್ಟು ತೋರಿಸಿದ ಜಾಗಕ್ಕೇ ಜೆಲ್ ಹಚ್ಚಿ, ಪ್ರೋಬನ್ನು ಎಲುಬಿನ ಉದ್ದಕ್ಕೂ ಮೆಲ್ಲಗೆ ಸರಿಸಿದರು. ಒತ್ತಿದಾಗ ನೋವಾಗುತ್ತದೆ, ಅದನ್ನು ಮೊದಲೇ ಹೇಳಿದ್ದರು. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬೆಳ್ಳಗಿನ ಒಂದು ಗೆರೆ, ಅದು ಒಂದು ಕಡೆ ಮೆಟ್ಟಿಲಿನ ಹಾಗೆ ತುಸು ಕೆಳಗಿಳಿದಿತ್ತು. ಎಂಟನೆಯ ಪಕ್ಕೆಲುಬು. ಏಳನೆಯದರಲ್ಲೂ ಸಣ್ಣ ಬಿರುಕು. ಅಮ್ಮನ ಮುಖ ನೋಡಬೇಕಿತ್ತು. "ಸುಮ್ನೆ ನರಳ್ತಿಲ್ಲ ನಾನು" ಅಂದಳು. ಅಷ್ಟು ದಿನ ಅವಳಿಗೆ ಬೇಕಾಗಿದ್ದದ್ದು ಯಾರಾದರೂ ತನ್ನ ನೋವನ್ನು ನಂಬುವುದು.

ಅಲ್ಲಿಗೇ ಬಿಡದೆ ಹೊಟ್ಟೆಯ ಎಡಭಾಗವನ್ನೂ ನೋಡಿದರು. ಕೆಳಗಿನ ಪಕ್ಕೆಲುಬುಗಳ ಒಳಗೆ ಎಡಗಡೆ ಸ್ಪ್ಲೀನ್ (ಗುಲ್ಮ), ಬಲಗಡೆ ಲಿವರ್ ಇರುತ್ತದೆ. ಪೆಟ್ಟು ಅಲ್ಲಿಗೂ ತಗಲಿರಬಹುದು. ಇದಕ್ಕೆ ಬೇರೆ ಬಿಲ್ ಹಾಕಲಿಲ್ಲ.

ಸಿಟಿ ಸ್ಕ್ಯಾನ್ ಮಾಡಿಸಿಬಿಡೋಣವಾ ಎಂದು ನಾನೇ ಕೇಳಿದೆ. ಸಿಟಿ ಮಷೀನು ಅವರ ಕೆಳಮಹಡಿಯಲ್ಲೇ ಇದೆ, ಹೂಂ ಎಂದಿದ್ದರೆ ಅವರಿಗೆ ಲಾಭ ಅಲ್ವಾ? ಈಗ ಬೇಡ ಎಂದರು. ಸಿಟಿಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ, ನಿಜ. ವೇಗದ ಅಪಘಾತ, ಉಸಿರಿಗೆ ಕಷ್ಟ, ಕೆಮ್ಮಿದರೆ ರಕ್ತ, ತುಂಬಾ ಎಲುಬು ಮುರಿದ ಅನುಮಾನ, ಇಂಥದ್ದಿದ್ದರೆ ತಡಮಾಡದೆ ಮಾಡಿಸಬೇಕು. ಎದೆಯ ಎಕ್ಸ್‌ರೇಯಲ್ಲಿ ಬೀಳುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಸಾಮಾನ್ಯ ಸಿಟಿಯಲ್ಲಿ ಸುಮಾರು 6. ಅಮ್ಮನಿಗೆ ಆಕ್ಸಿಜನ್ 96 ಇತ್ತು, ಸಿಟಿ ಮಾಡಿಸಿದರೂ ಚಿಕಿತ್ಸೆ ಬದಲಾಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ, ಉಸಿರು ಕಟ್ಟಿದಂತಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಎಂದೂ ಒತ್ತಿ ಹೇಳಿದರು.

ನಮ್ಮ ಡಾಕ್ಟರು ರಿಪೋರ್ಟ್ ನೋಡಿ ನೋವಿನ ಮಾತ್ರೆ ಬದಲಾಯಿಸಿದರು. ಎದೆಗೆ ಬೆಲ್ಟ್ ಬಿಗಿಯುವುದು ಬೇಡ, ಉಸಿರು ಮೇಲೆಮೇಲೆ ಆಗಿ ನ್ಯುಮೋನಿಯಾ ಬರಬಹುದು ಎಂದು ಉಸಿರು ಎಳೆದು ಚೆಂಡು ಎತ್ತುವ ಮೂರು ಚೆಂಡಿನ ಡಬ್ಬಿ ಕೊಡಿಸಿದರು. ಮುರಿದದ್ದು ಕೂಡಲು ಆರು ವಾರವಾದರೂ ಬೇಕಂತೆ. ಅಮ್ಮ ಈಗ ಎರಡು ಚೆಂಡು ಎತ್ತುತ್ತಾಳೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೆ ಕಾರಣ ಇದೆ. ಅಲ್ಟ್ರಾಸೌಂಡ್ ಇರುವುದು ಮೇಲಿನ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಪಕ್ಕೆ ಮುರಿದವರು ಆ ಮೆಟ್ಟಿಲು ಹತ್ತುವ ಪಾಡು ಬೇಡ. ಕಾಯುವ ಕಡೆ ಕುರ್ಚಿಗಳಿಗೆ ಕೈಯಿಲ್ಲ, ಏಳುವಾಗ ಹಿಡಿಯಲು ಏನೂ ಸಿಗುವುದಿಲ್ಲ. ಇಂಥವರಿಗಾಗಿ ಕೆಳಗೆ ಒಂದು ಕೋಣೆ ಮಾಡಿ ಎಂದು ಬಿಲ್ ಕೌಂಟರಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ. ದಯವಿಟ್ಟು ಮಾಡಲಿ.

ದರದ ಪಟ್ಟಿ ಗೋಡೆಯ ಮೇಲೇ ಇದೆ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಗರ್ಭಿಣಿಯರ ಸ್ಕ್ಯಾನಿಂಗ್ ನೂಕುನುಗ್ಗಲು, ಮಧ್ಯಾಹ್ನ ಮೂರರ ಮೇಲೆ ಹೋಗಿ. ಡಾಕ್ಟರ ಚೀಟಿ, ಹಳೆಯ ಫಿಲ್ಮ್ ಎರಡೂ ಜೊತೆಗಿರಲಿ. ಮುಂದೆ ಗುಂಡಿ ಇರುವ ಸಡಿಲ ರವಿಕೆ ಹಾಕಿಸಿಕೊಂಡು ಹೋಗಿ, ಕೈ ಎತ್ತಿ ಬಟ್ಟೆ ಬಿಚ್ಚುವ ಕಷ್ಟ ತಪ್ಪುತ್ತದೆ.