ಓಪನ್‌ಡಬ್ಲ್ಯುಆರ್‌ಟಿ ರೂಟರಿನಲ್ಲಿ ಎಸ್‌ಕ್ಯೂಎಂ: ನಾಲ್ಕು ಎಂಬಿಪಿಎಸ್ ಬಿಟ್ಟುಕೊಟ್ಟರೆ ಸಿಗುವುದೇನು?

ಸ್ಪೀಡ್‌ಟೆಸ್ಟ್ ಮಾಡಿದಾಗೆಲ್ಲ ಪೂರ್ತಿ 40 ಎಂಬಿಪಿಎಸ್ ಬರುತ್ತದೆ. ಆದರೂ ಮನೆಯಲ್ಲಿ ಯಾರದೋ ಫೋನು ಫೋಟೋಗಳನ್ನು ಕ್ಲೌಡ್‌ಗೆ ಏರಿಸಲು ಶುರು ಮಾಡಿದ ಕೂಡಲೇ ವಿಡಿಯೋ ಕಾಲ್‌ನಲ್ಲಿ ಮಾತು ತುಂಡಾಗುತ್ತದೆ. ಕಸ್ಟಮರ್ ಕೇರ್‌ನವರನ್ನು ಕೇಳಿದರೆ ‘100ರ ಪ್ಲಾನ್ ಹಾಕಿಸ್ಕೊಳ್ಳಿ ಸರ್’ ಎನ್ನುತ್ತಾರೆ. ಹಾಕಿಸಿಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಇದಕ್ಕೆ ಬೇರೊಂದು ಮದ್ದಿದೆ: ಎಸ್‌ಕ್ಯೂಎಂ, ಅಂದರೆ ರೂಟರಿನಲ್ಲಿ ಡೇಟಾದ ಸಾಲನ್ನು ನಿಭಾಯಿಸುವ ಸಾಫ್ಟ್‌ವೇರ್. ರೂಟರಿಗೆ ಅದರ ಮೂಲ ಸಾಫ್ಟ್‌ವೇರಿನ ಬದಲು ಹಾಕಿಕೊಳ್ಳುವ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇದು ಸಿಗುತ್ತದೆ.

ಕಾಲ್‌ಗೆ ಬೇಕಾದದ್ದು ಎರಡೋ ಮೂರೋ ಎಂಬಿಪಿಎಸ್. 1500 ಬೈಟಿನ ಒಂದು ಪ್ಯಾಕೆಟ್ಟನ್ನು (ಡೇಟಾದ ಒಂದು ತುಂಡನ್ನು) 40 ಎಂಬಿಪಿಎಸ್ ಲೈನಿಗೆ ದೂಡಲು 0.3 ಮಿಲಿಸೆಕೆಂಡ್ ಸಾಕು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಸಾವಿರ ಕಿಲೋಮೀಟರ್ ಆಚೆಯ ಸರ್ವರಿಗೆ ಹೋಗಿ ಬರಲು 10 ಮಿಲಿಸೆಕೆಂಡ್. ಬೆಂಗಳೂರಿನಿಂದ ಮುಂಬೈ ಹೆಚ್ಚುಕಡಿಮೆ ಇಷ್ಟೇ ದೂರ. ಇಲ್ಲಿಯವರೆಗೆ ದೂರುವಂಥದ್ದು ಏನೂ ಇಲ್ಲ. ಕೆಡುವುದು ಮೂರನೆಯ ಜಾಗದಲ್ಲಿ, ಫೈಬರ್ ಮನೆಯೊಳಗೆ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯ ಬಫರಿನಲ್ಲಿ, ಅಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಮೆಮೊರಿಯಲ್ಲಿ. ಅದು 2 ಎಂಬಿಯದ್ದಾಗಿದ್ದು, ಫೋಟೋ ಅಪ್‌ಲೋಡಿನಿಂದ ತುಂಬಿಹೋದರೆ, 40 ಎಂಬಿಪಿಎಸ್‌ನಲ್ಲಿ ಖಾಲಿಯಾಗಲು 400 ಮಿಲಿಸೆಕೆಂಡ್ ಬೇಕು. ನಿಮ್ಮ ಧ್ವನಿಯ ಪ್ಯಾಕೆಟ್ ಆ ಸಾಲಿನ ಕೊನೆಗೆ ನಿಲ್ಲುತ್ತದೆ. ಮಾತುಕತೆ ಸರಾಗವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿರಲಿ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸು.

ಹಾಳಾಗುವುದು ಕಾಲ್ ಮಾತ್ರ ಅಲ್ಲ. ಡೌನ್‌ಲೋಡ್‌ನ ‘ತಲುಪಿತು’ ಎನ್ನುವ ಉತ್ತರಗಳೂ ಅದೇ ಅಪ್‌ಲೋಡ್ ಸಾಲಿನಲ್ಲಿ ನಿಲ್ಲಬೇಕು. 256 ಕೆಬಿ ವಿಂಡೋ (ಉತ್ತರ ಬರುವ ಮೊದಲು ಕಳಿಸಬಹುದಾದ ಡೇಟಾ) ಇರುವ ಟಿಸಿಪಿ ಸಂಪರ್ಕ 10 ಮಿಲಿಸೆಕೆಂಡ್ ವಿಳಂಬದಲ್ಲಿ 200 ಎಂಬಿಪಿಎಸ್‌ವರೆಗೂ ಎಳೆಯಬಲ್ಲದು, 400 ಮಿಲಿಸೆಕೆಂಡಿನಲ್ಲಿ ಸುಮಾರು 5ಕ್ಕೇ ನಿಲ್ಲುತ್ತದೆ. ಪ್ಲಾನ್ ಅದೇ, ತಂತಿ ಅದೇ.

ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟವರು ಜಿಮ್ ಗೆಟಿಸ್. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಕೋಡೆಲ್ ವಿಧಾನ ತಂದರು. ಅದರ ಮುಂದಿನ ಪೀಳಿಗೆಯ ಕೇಕ್ 2018ರಲ್ಲಿ ಲಿನಕ್ಸ್ 4.19ರ ಜೊತೆ ಬಂತು. ಇವನ್ನೆಲ್ಲ ಓಪನ್‌ಡಬ್ಲ್ಯುಆರ್‌ಟಿ ರೂಟರಿನಲ್ಲಿ ಒಂದೇ ಪುಟಕ್ಕೆ ತಂದಿಟ್ಟಿರುವುದು ಎಸ್‌ಕ್ಯೂಎಂ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಸಿಸ್ಟಂ ಮೆನುವಿನ ಸಾಫ್ಟ್‌ವೇರ್ ಪುಟದಲ್ಲಿ ಲೂಸಿ-ಆ್ಯಪ್-ಎಸ್‌ಕ್ಯೂಎಂ ಹಾಕಿಕೊಂಡರೆ ನೆಟ್‌ವರ್ಕ್ ಮೆನುವಿನಲ್ಲಿ ಹೊಸ ಪುಟ ಕಾಣಿಸಿಕೊಳ್ಳುತ್ತದೆ. ಇಂಟರ್‌ಫೇಸ್ ಆರಿಸುವಾಗ ಹುಷಾರು. ಯೂಸರ್‌ನೇಮ್-ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಕನೆಕ್ಷನ್ ಆದರೆ ಪಿಪಿಪಿಒಇ-ವ್ಯಾನ್ (ಇಂಟರ್ನೆಟ್ ಕಡೆಯದ್ದು) ಎಂದಿರುವುದನ್ನೇ ಹಿಡಿಯಬೇಕು. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಕಡೆಯದ್ದನ್ನು ಕೊಟ್ಟರೆ ಅಪ್‌ಲೋಡ್-ಡೌನ್‌ಲೋಡ್ ಅದಲುಬದಲಾಗುತ್ತವೆ. ಕ್ಯೂ ಶಿಸ್ತಿಗೆ ಕೇಕ್, ಸ್ಕ್ರಿಪ್ಟ್‌ಗೆ ಪೀಸ್-ಆಫ್-ಕೇಕ್, ಲಿಂಕ್ ಲೇಯರ್‌ನಲ್ಲಿ ಈಥರ್‌ನೆಟ್, ಓವರ್‌ಹೆಡ್ 44. ವೇಗ ಕೆಬಿಪಿಎಸ್‌ನಲ್ಲಿ: ಎರಡೂ ಕಡೆ 36000, ಅಂದರೆ ಶೇ. 90. ಯಾವ ಕಡೆ 0 ಹಾಕುತ್ತೀರೋ ಆ ಕಡೆ ನಿಯಂತ್ರಣವೇ ಇರುವುದಿಲ್ಲ.

ಆ ಶೇ. 10 ಬಿಡುವುದೇಕೆಂದರೆ, ಸಾಲು ಒಎನ್‌ಟಿಯಲ್ಲಿ ಕಟ್ಟದೆ ನಿಮ್ಮ ರೂಟರಿನಲ್ಲೇ ಕಟ್ಟಲಿ ಎಂದು. ಅಲ್ಲಿ ಕೇಕ್ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯ ಮೇಲೆ ಬಿಡುತ್ತದೆ. ನೂರು ಮನಿಯಾರ್ಡರ್ ತಂದವರ ಹಿಂದೆ ಒಂದು ಅಂಚೆಚೀಟಿಗೆ ಬಂದವರು ಕಾಯಬೇಕಾಗಿಲ್ಲ.

ಟ್ಯೂನಿಂಗೇ ಇದರಲ್ಲಿ ಸೊಗಸಾದ ಕೆಲಸ. ರಾತ್ರಿ ಒಂಬತ್ತರ ಹೊತ್ತಿಗೆ, ಬೀದಿಯೆಲ್ಲ ಆನ್‌ಲೈನ್ ಇರುವಾಗ, ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಒಂದು ಕಿಟಕಿಯಲ್ಲಿ ಪಿಂಗ್ (ಸರ್ವರಿಗೆ ಹೋಗಿ ಬರುವ ಸಮಯವನ್ನು ಮಿಲಿಸೆಕೆಂಡಿನಲ್ಲಿ ತೋರಿಸುವ ಆಜ್ಞೆ) ಓಡಲು ಬಿಡಿ, ಇನ್ನೊಂದರಲ್ಲಿ ದೊಡ್ಡ ಫೈಲ್ ಏರಿಸಿ. ಎಸ್‌ಕ್ಯೂಎಂ ಆಫ್ ಇದ್ದಾಗ ಸಂಖ್ಯೆ 8, 9 ಎನ್ನುತ್ತಿದ್ದದ್ದು ಮೂರಂಕಿಗೆ ಜಿಗಿಯುವುದು ಕಣ್ಣೆದುರೇ ಕಾಣುತ್ತದೆ. ಆನ್ ಮಾಡಿ: 9, 11, 10, 12. ಅಪ್‌ಲೋಡ್ ನಡೆದೇ ಇರುತ್ತದೆ. ನಂತರ ವೇಗವನ್ನು ಐನೂರೈನೂರು ಕೆಬಿಪಿಎಸ್ ಏರಿಸುತ್ತಾ ಹೋಗಿ, ಪಿಂಗ್ ಅಲುಗಾಡಲು ಶುರುವಾದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ಡೌನ್‌ಲೋಡ್ ಕಡೆ ಅಷ್ಟು ಬಿಗಿ ಸಾಧ್ಯವಿಲ್ಲ. ಅಲ್ಲಿ ಸಾಲು ಕಟ್ಟುವುದು ಇಂಟರ್ನೆಟ್ ಕಂಪನಿಯ ಕಡೆ. ನೀವು ಇಲ್ಲಿ ಪ್ಯಾಕೆಟ್ ಬೀಳಿಸಿ ಕಳಿಸುವವರು ತಾವಾಗಿ ನಿಧಾನಿಸುವಂತೆ ಮಾಡಬೇಕು, ಹಾಗಾಗಿ ಇನ್ನಷ್ಟು ಬಿಟ್ಟುಕೊಡಬೇಕಾಗುತ್ತದೆ.

ಹೊಗಳಿಕೆ ಇಲ್ಲಿಗೆ ಸಾಕು. ನೀವು ಕೊಟ್ಟ ಸಂಖ್ಯೆ ಕಲ್ಲಿನ ಮೇಲೆ ಬರೆದಂತೆ ಕೂತುಬಿಡುತ್ತದೆ. ಕಂಪನಿಯ ಕಡೆ ದಟ್ಟಣೆಯಾಗಿ ಲೈನ್ 25ಕ್ಕೆ ಇಳಿದ ಸಂಜೆ ಸಾಲು ಮತ್ತೆ ಹೊರಗೆ ಕಟ್ಟುತ್ತದೆ, ಎಸ್‌ಕ್ಯೂಎಂ ಸುಮ್ಮನೆ ನೋಡುತ್ತಿರುತ್ತದೆ. 4ಜಿ, 5ಜಿ ಡಾಂಗಲ್‌ಗಳಲ್ಲಂತೂ ಇದು ದಿನವಿಡೀ ನಡೆಯುವ ಕಥೆ. ಅವಕ್ಕೆ ಲೈನಿಗೆ ತಕ್ಕಂತೆ ವೇಗದ ಸಂಖ್ಯೆಯನ್ನು ತಾನೇ ಬದಲಿಸುವ ಕೇಕ್-ಆಟೋರೇಟ್ ಎನ್ನುವ ಪ್ರತ್ಯೇಕ ಸ್ಕ್ರಿಪ್ಟ್ ಇದೆ, ಆದರೆ ಹೊಸಬರಿಗೆ ಅದು ಸುಲಭವಲ್ಲ.

ಎರಡನೆಯದು ಸಿಪಿಯು. ಎಸ್‌ಕ್ಯೂಎಂ ಬೇಕೆಂದರೆ ಸಿಪಿಯುವಿನ ಹೊರೆ ಇಳಿಸುವ, ಫೈರ್‌ವಾಲ್ ಪುಟದ ಫ್ಲೋ ಆಫ್‌ಲೋಡಿಂಗ್ ನಿಲ್ಲಿಸಬೇಕು, ಆಗ ಪ್ರತಿ ಪ್ಯಾಕೆಟ್ಟೂ ಸಿಪಿಯು ಮೇಲೆಯೇ ಹಾದುಹೋಗುತ್ತದೆ. 40, 50ರ ಪ್ಲಾನಿಗೆ ಹಳೆಯ ಎಂಐಪಿಎಸ್ ಚಿಪ್ಪಿನ ರೂಟರ್ ಸಾಕು. 300ಕ್ಕೆ ಹೋದರೆ ಅದೇ ಪೆಟ್ಟಿಗೆ ಏದುಸಿರು ಬಿಡುತ್ತದೆ. ಹಾಕಿದ ವೇಗ ಮುಟ್ಟದೆ ಪಿಂಗ್ ಕೂಡ ಏರುತ್ತಿದ್ದರೆ ಕಾರಣ ಇದೇ. ಕೇಕ್ ಬಿಟ್ಟು ಎಫ್‌ಕ್ಯೂ-ಕೋಡೆಲ್ ಜೊತೆ ಸಿಂಪಲೆಸ್ಟ್ ಸ್ಕ್ರಿಪ್ಟ್ ಹಾಕಿದರೆ ಸ್ವಲ್ಪ ಹಗುರಾಗುತ್ತದೆ. ಅಷ್ಟಕ್ಕೂ 300ರಲ್ಲಿ ಆ 2 ಎಂಬಿ ಬಫರ್ 53 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಆ ಪ್ಲಾನಿನವರು ಎಸ್‌ಕ್ಯೂಎಂಗಾಗಿ ಹೊಸ ರೂಟರ್ ಕೊಳ್ಳುವ ಮೊದಲು ವೈಫೈಯನ್ನು ಅನುಮಾನಿಸುವುದು ಒಳ್ಳೆಯದು. ಎರಡು ಗೋಡೆಯಾಚೆಯ ರೂಮಿನಲ್ಲಿ ಸಿಗ್ನಲ್ ಕುಗ್ಗಿ ವೈಫೈಯಲ್ಲೇ ಸಾಲು ಕಟ್ಟುತ್ತಿದ್ದರೆ, ವ್ಯಾನ್ ಕಡೆ ಕೂತ ಎಸ್‌ಕ್ಯೂಎಂಗೆ ಅದು ಗೊತ್ತೇ ಆಗುವುದಿಲ್ಲ.

ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ತಾನು ರೂಟರ್ ಕೆಲಸ ಮಾಡದೆ ಸಂಪರ್ಕ ದಾಟಿಸುವ ವಿಧಾನಕ್ಕೆ) ಹಾಕಿಕೊಡಲು ಒಪ್ಪದ ಕಂಪನಿಗಳಿವೆ. ಅದಕ್ಕೆ ಜಗಳಕ್ಕಿಳಿಯಬೇಕಿಲ್ಲ, ಡಬಲ್ ನ್ಯಾಟ್ ಆದರೂ (ಒಎನ್‌ಟಿ, ರೂಟರ್ ಎರಡೂ ವಿಳಾಸ ಬದಲಿಸಿದರೂ) ಎಸ್‌ಕ್ಯೂಎಂ ತನ್ನ ಕೆಲಸ ಮಾಡುತ್ತದೆ. ಆದರೆ ಮನೆಯ ಎಲ್ಲ ಸಾಧನಗಳೂ ನಿಮ್ಮ ರೂಟರಿನ ಹಿಂದೆಯೇ ಇರಬೇಕು. ಟಿವಿಯೊಂದು ಒಎನ್‌ಟಿಯ ವೈಫೈಗೆ ಅಂಟಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ.

100 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ಐದಕ್ಕೆ ನಾಲ್ಕೂವರೆ, 300ರ ಮೇಲೆ ಮೂರು. ಕಳೆದ ಅರ್ಧ ಅಂಕ ಫರ್ಮ್‌ವೇರ್ ಅಪ್‌ಡೇಟಿಗಾಗಿ. ಮಾಮೂಲಿ ವಿಧಾನದಲ್ಲಿ ಅಪ್‌ಡೇಟ್ ಮಾಡಿದರೆ ನಿಮ್ಮ ಸೆಟ್ಟಿಂಗ್ ಉಳಿಯುತ್ತದೆ, ನೀವು ಹಾಕಿಕೊಂಡ ಪ್ಯಾಕೇಜ್ ಅಳಿಸಿಹೋಗುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಅಪ್‌ಡೇಟ್ ಆದ ಮೇಲೆ ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಪುಟ ಇದೆಯೇ ನೋಡಿ, ಇಲ್ಲದಿದ್ದರೆ ಮತ್ತೆ ಹಾಕಿಕೊಳ್ಳಿ.