ದ ಗೋ-ಬಿಟ್ವೀನ್ ಮೊದಲು ಓದಬೇಕಾ, ದ ಸೀ ಮೊದಲು ಓದಬೇಕಾ?

ವಯಸ್ಸಾದವನೊಬ್ಬ ಬಾಲ್ಯದ ಒಂದೇ ಒಂದು ಬೇಸಿಗೆಯನ್ನು ಕೆದಕುವ ಕಾದಂಬರಿ ಬೇಕು ಅಂದರೆ ನಾನು ಹೇಳೋದು ಈ ಎರಡನ್ನೇ.

ಎಲ್. ಪಿ. ಹಾರ್ಟ್ಲಿಯ ದ ಗೋ-ಬಿಟ್ವೀನ್ (1953) ಕಥೆಯ ಬಲದಿಂದಲೇ ಓದಿಸಿಕೊಳ್ಳುತ್ತದೆ. ಅರವತ್ತು ದಾಟಿದ ಲಿಯೋಗೆ 1900ರ ತನ್ನ ಡೈರಿ ಸಿಗುತ್ತದೆ. ಆ ಬೇಸಿಗೆಯಲ್ಲಿ ಅವನು ಇಂಗ್ಲೆಂಡಿನ ನಾರ್ಫೋಕ್‌ನ ಶ್ರೀಮಂತ ಗೆಳೆಯನ ಮನೆಗೆ ಹೋಗಿ, ಗೆಳೆಯನ ಅಕ್ಕ ಮೇರಿಯನ್ ಮತ್ತು ಅಲ್ಲಿನ ರೈತ ಟೆಡ್ ನಡುವೆ ಗುಟ್ಟಾಗಿ ಚೀಟಿ ಸಾಗಿಸುತ್ತಾನೆ, ತಾನು ಹೊತ್ತಿರೋದು ಏನು ಅಂತ ಹುಡುಗನಿಗೆ ಸರಿಯಾಗಿ ಗೊತ್ತಿಲ್ಲ, ಓದುವ ನಮಗೆ ಗೊತ್ತು, ಅದಕ್ಕೇ ಅಷ್ಟು ಭಯ. ಬಿಸಿಲು ಏರಿದ ಹಾಗೆ ಅಪಾಯವೂ ಏರುತ್ತದೆ. ಅದರಲ್ಲಿನ ಕ್ರಿಕೆಟ್ ಪಂದ್ಯವನ್ನು ಮಾತ್ರ ನಿಧಾನವಾಗಿ ಓದಿ. ಮೇಲಿನವರು, ಕೆಳಗಿನವರು ಅನ್ನೋ ಇಡೀ ಲೆಕ್ಕ ಅಲ್ಲೇ ಇದೆ.

ಜಾನ್ ಬ್ಯಾನ್‌ವಿಲ್‌ನ ದ ಸೀ (2005ರ ಬೂಕರ್) ಬೇರೆ ಥರ. ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಮ್ಯಾಕ್ಸ್, ಚಿಕ್ಕವನಿದ್ದಾಗ ರಜೆ ಕಳೆದ ಐರ್ಲೆಂಡಿನ ಕಡಲತಡಿಗೆ ಮರಳುತ್ತಾನೆ. ಕಥೆ ತುಂಬಾ ಕಮ್ಮಿ. ಮನಸ್ಸು ಆಸ್ಪತ್ರೆಯಿಂದ ಬಾಲ್ಯಕ್ಕೆ, ಅಲ್ಲಿಂದ ಇವತ್ತಿಗೆ ಓಡಾಡುತ್ತಲೇ ಇರುತ್ತದೆ. ಮ್ಯಾಕ್ಸ್ ಅಷ್ಟೇನೂ ಇಷ್ಟವಾಗುವ ಮನುಷ್ಯನಲ್ಲ, ಇಂಗ್ಲಿಷೂ ಕಷ್ಟದ್ದು. ಆದರೆ ನೆನಪು ನಮ್ಮನ್ನೇ ಹೇಗೆ ಯಾಮಾರಿಸುತ್ತದೆ ಅನ್ನೋದನ್ನು ಇದರಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ನಾನು ಓದಿಲ್ಲ.

ನನ್ನ ಮಾತು ಕೇಳಿದರೆ ಹಾರ್ಟ್ಲಿ ಮೊದಲು. ವಾಕ್ಯಗಳ ಸೊಗಸಿಗಾಗಿಯೇ ಓದುವವರಾದರೆ ನೇರ ಬ್ಯಾನ್‌ವಿಲ್ ಹಿಡಿಯಿರಿ. ಹಾರ್ಟ್ಲಿಯ ಕಥೆ 1971ರಲ್ಲಿ ಸಿನಿಮಾ ಆಗಿದೆ, ಅದನ್ನು ಓದಿ ಮುಗಿಸಿದ ಮೇಲೇ ನೋಡಿ.